ಹೈಸ್ಕೂಲ್ ಹಿಸ್ಟರಿ ಟೀಚರ್ಸ್, ಮೂಲ ದಾಖಲೆಗಳನ್ನ ಎಲ್ಲಿಂದ ತರ್ತೀರಿ? ಯಾವ ಟ್ರೇನಿಂಗ್ ನಿಜವಾಗ್ಲೂ ಕ್ಲಾಸಿಗೆ ಉಪಯೋಗಕ್ಕೆ ಬಂತು?

ಒಂಬತ್ತು_ಬಿ_ಮಿಸ್:

ಎಲ್ರಿಗೂ ನಮಸ್ಕಾರ. ಏಳು ವರ್ಷದಿಂದ ಒಂಬತ್ತು ಮತ್ತೆ ಹತ್ತನೇ ಕ್ಲಾಸಿಗೆ ಹಿಸ್ಟರಿ ಮಾಡ್ತಿದೀನಿ. ಇತ್ತೀಚೆಗೆ ಎರಡು ದಿನದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ, ಪೂರ್ತಿ ಸ್ಲೈಡ್ಸು, ಗ್ರೂಪ್ ಆಕ್ಟಿವಿಟಿ ಮಾಡ್ಸಿ, ಚಾರ್ಟ್ ಮಾಡ್ಸಿ ಅಂತ, ಅದೇ ಮಾತನ್ನ ಗಣಿತದವ್ರಿಗೂ ಹೇಳ್ಬಹುದು ಸೈನ್ಸಿನವ್ರಿಗೂ ಹೇಳ್ಬಹುದು. ಹಿಸ್ಟರಿಗೆ ಅಂತ ಏನಿದೆ ಅಂತ ಕೇಳಿದ್ರೆ ನಿಮ್ ಸಬ್ಜೆಕ್ಟಿಗೆ ತಕ್ಕಂತೆ ಮಾಡ್ಕೊಳಿ ಅಂದ್ರು. ಸರ್ಟಿಫಿಕೇಟ್ ತಗೊಂಡು ವಾಪಸ್ ಬಂದೆ.

ಇದನ್ನ ಬರೆಯೋಕೆ ಕಾರಣ ಹೋದ ವಾರದ ಕ್ಲಾಸು. ಮೊದಲನೇ ಮಹಾಯುದ್ಧದ ಕಾರಣಗಳು ನಡೀತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು "ಮಿಸ್, ಒಬ್ಬ ರಾಜಕುಮಾರನ್ನ ಕೊಂದ್ರೆ ಇಡೀ ಯೂರೋಪ್ ಯಾಕೆ ಹೊಡೆದಾಡ್ಬೇಕು?" ಅಂದ. ನಾನು ಮೈತ್ರಿಕೂಟ, ಸಾಮ್ರಾಜ್ಯಶಾಹಿ, ರಾಷ್ಟ್ರೀಯತೆ ಅಂತ ಪಾಯಿಂಟ್ಸ್ ಹೇಳ್ದೆ, ಅವನು ಬರ್ಕೊಂಡ, ಆದ್ರೆ ಅವನ ಪ್ರಶ್ನೆಗೆ ಉತ್ರ ಸಿಕ್ಕಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅಂಥ ಮಗು ಮುಂದೆ ಏನಿಡ್ಬೇಕು? ನಿಮಗೆ ಕೆಲಸಕ್ಕೆ ಬಂದ ಸೈಟ್, ಕೋರ್ಸ್, ವಿಧಾನ ಏನಿದ್ರೂ ಹೇಳಿ.

ಹಳೇ_ಸೀಮೆಸುಣ್ಣ:

ಮೇಡಂ, ಆ ಹುಡುಗನ ಕೈಗೆ ಟೆಲಿಗ್ರಾಮ್ ಕೊಡಿ. 1914ರ ಜುಲೈ 29ರಿಂದ ಆಗಸ್ಟ್ 1ರವರೆಗೆ ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್ ಮತ್ತೆ ರಷ್ಯಾದ ತ್ಸಾರ್ ಎರಡನೇ ನಿಕೋಲಸ್ ಒಬ್ರಿಗೊಬ್ರು ಕಳಿಸ್ಕೊಂಡ ಟೆಲಿಗ್ರಾಮ್‌ಗಳಿವೆ. ಇಬ್ರೂ ಸಂಬಂಧದಲ್ಲಿ ಕಸಿನ್ಸ್, ಬರ್ದಿರೋದು ಇಂಗ್ಲಿಷಲ್ಲಿ, ಸಹಿ ಮಾಡಿರೋದು ವಿಲ್ಲಿ, ನಿಕ್ಕಿ ಅಂತ. ನಾಲ್ಕೈದು ಸಾಲಿನವು, ಸಣ್ಣವು, ಅನುವಾದ ಮಾಡೋಕೂ ಒಂದು ಸಂಜೆ ಸಾಕು. ಯುದ್ಧ ಬೇಡ ಅಂತ ಇಬ್ರೂ ಬರೀತಿದಾರೆ, ಆಸ್ಟ್ರಿಯಾ-ಸರ್ಬಿಯಾ ಜಗಳಾನ ಹೇಗ್ ನಗರದ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಒಪ್ಸೋಣ ಅಂತ ನಿಕ್ಕಿ ಒಂದು ಕಡೆ ಹೇಳ್ತಾನೆ, ಮಾರನೇ ದಿನ 30ಕ್ಕೆ ಅದೇ ರಷ್ಯಾದಲ್ಲಿ ಪೂರ್ತಿ ಸೇನೆ ಸಜ್ಜಾಗೋ ಆರ್ಡರ್ ಹೊರಡುತ್ತೆ.

ನಾನು ಮಾಡೋದು ಇಷ್ಟೇ. ಬೋರ್ಡ್ ಮೇಲೆ ತಾರೀಖು ಬರೀತೀನಿ. ಜೂನ್ 28 ಸರಾಯೆವೊದಲ್ಲಿ ಆಸ್ಟ್ರಿಯಾ ರಾಜಕುಮಾರನ ಕೊಲೆ, ಜುಲೈ 23 ಆಸ್ಟ್ರಿಯಾದಿಂದ ಸರ್ಬಿಯಾಗೆ ಅಂತಿಮ ಎಚ್ಚರಿಕೆ, 28 ಆಸ್ಟ್ರಿಯಾದ ಯುದ್ಧ ಘೋಷಣೆ, 30 ರಷ್ಯಾದ ಆರ್ಡರ್, ಆಗಸ್ಟ್ 1 ಜರ್ಮನಿ ರಷ್ಯಾ ಮೇಲೆ, 3 ಫ್ರಾನ್ಸ್ ಮೇಲೆ, 4 ಬ್ರಿಟನ್ ಜರ್ಮನಿ ಮೇಲೆ. ಪ್ರತಿ ತಾರೀಖಿನ ಹತ್ರ ನಿಂತು "ಇಲ್ಲಿ ಯಾರು ನಿಲ್ಲಿಸ್ಬಹುದಿತ್ತು, ಯಾಕೆ ನಿಲ್ಲಿಸ್ಲಿಲ್ಲ" ಅಂತ ಒಂದೇ ಪ್ರಶ್ನೆ. ಮೈತ್ರಿಕೂಟ ಅನ್ನೋ ಪದ ಆಗ ಮಕ್ಕಳ ಬಾಯಿಂದಲೇ ಬರುತ್ತೆ, ನಾವು ಬಾಯಿಪಾಠ ಮಾಡ್ಸೋದೇ ಬೇಡ.

ಇನ್ನೊಂದು, ದಾಖಲೆ ಕೊಟ್ಟ ತಕ್ಷಣ ಓದೋಕೆ ಬಿಡ್ಬೇಡಿ. ಸ್ಯಾಮ್ ವೈನ್‌ಬರ್ಗ್ ಅನ್ನೋ ಸಂಶೋಧಕ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲ್ ಮಕ್ಕಳಿಗೂ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಲೆಕ್ಸಿಂಗ್‌ಟನ್ ಕದನದ ಒಂದೇ ದಾಖಲೆಗಳನ್ನ ಕೊಟ್ಟಿದ್ರು. ಇತಿಹಾಸಕಾರರು ಮೊದ್ಲು ನೋಡಿದ್ದು ಯಾರು ಬರ್ದಿದ್ದು ಯಾವಾಗ ಬರ್ದಿದ್ದು ಅಂತ, ಮಕ್ಕಳು ಮೇಲಿಂದ ಕೆಳಗೆ ಪಾಠ ಓದ್ದಂಗೆ ಓದಿದ್ರು. ಆ ಒಂದು ಅಭ್ಯಾಸ ಬಂದ್ರೆ ಅರ್ಧ ಕೆಲಸ ಆದಂಗೆ.

ಸಂಜೆ_ಪಾಠ:

ಸೈಟ್‌ಗಳ ವಿಷ್ಯ ನಾನು ಹೇಳ್ತೀನಿ. ವೈನ್‌ಬರ್ಗ್ ಅವ್ರ ಗುಂಪು ಮೊದ್ಲು ಸ್ಟ್ಯಾನ್‌ಫರ್ಡ್‌ನಲ್ಲಿತ್ತು, ಈಗ ಡಿಜಿಟಲ್ ಇನ್‌ಕ್ವೈರಿ ಗ್ರೂಪ್ ಅಂತ ಹೆಸರು, ಒಂದೊಂದು ಪಾಠಕ್ಕೂ ಒಂದು ಪ್ರಶ್ನೆ, ಅದಕ್ಕೆ ಚಿಕ್ಕದಾಗಿ ಸರಳ ಮಾಡಿದ ದಾಖಲೆಗಳು, ಎಲ್ಲಾ ಫ್ರೀ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಡಾಕ್ಸ್‌ಟೀಚ್, ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಎಜುಕೇಶನ್ ಪುಟಗಳೂ ಚೆನ್ನಾಗಿವೆ. ಚಿತ್ರ, ಪೋಸ್ಟರ್, ನಕ್ಷೆ ಬೇಕಿದ್ರೆ ಯೂರೋಪಿನ ಮ್ಯೂಸಿಯಂ, ಲೈಬ್ರರಿಗಳ ಸಂಗ್ರಹ ಇರೋ ಯೂರೋಪಿಯಾನಾ. ಯೂರೋಪಿನ ಹಿಸ್ಟರಿ ಟೀಚರ್‌ಗಳ ಸಂಘ ಯೂರೋಕ್ಲಿಯೋದವ್ರ ಹಿಸ್ಟೋರಿಯಾನಾದಲ್ಲಿ ಒಂದೇ ಘಟನೆಯನ್ನ ಬೇರೆ ಬೇರೆ ದೇಶದ ಕಣ್ಣಲ್ಲಿ ನೋಡೋ ಪಾಠಗಳು ಸಿಗ್ತವೆ. ಆದ್ರೆ ಇವೆಲ್ಲವನ್ನೂ ಒಂದೇ ರಾತ್ರಿ ತೆರೆದು ಕೂತ್ಕೋಬೇಡಿ ದಯವಿಟ್ಟು, ಒಂದು ತಗೊಂಡು ಒಂದು ಟರ್ಮ್ ಪೂರ್ತಿ ಅದ್ರಲ್ಲೇ ಓಡಾಡಿ.

ಒಂದು ಎಚ್ಚರಿಕೆ, ನನ್ನ ಕ್ಲಾಸಲ್ಲೇ ಆಗಿದ್ದು. ಮಾಸ್ಕೋ ಕಾಲುವೆ ಪಕ್ಕ ಸ್ಟಾಲಿನ್ ಜೊತೆ ಅವನ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಝೋವ್ ನಡೀತಿರೋ ಫೋಟೋ ಇದ್ಯಲ್ಲ, 1940ರಲ್ಲಿ ಯೆಝೋವ್‌ಗೆ ಮರಣದಂಡನೆ ಆಯ್ತು, ಆಮೇಲೆ ಅದೇ ಫೋಟೋದಿಂದ ಅವನನ್ನೇ ಅಳಿಸಿ ನೀರು ತುಂಬ್ಸಿದ್ರು. ಎರಡನ್ನೂ ಪಕ್ಕ ಪಕ್ಕ ಹಾಕ್ದೆ. ಕ್ಲಾಸು ಒಂದು ಕ್ಷಣ ಸೈಲೆಂಟಾಯ್ತು. ಆಮೇಲೆ ಒಬ್ಳು ಹುಡುಗಿ "ಹಾಗಾದ್ರೆ ಎಲ್ಲಾ ಹಿಸ್ಟರಿನೂ ಸುಳ್ಳೇ ಅಲ್ವಾ ಸರ್" ಅಂದ್ಳು, ಅರ್ಧ ಕ್ಲಾಸು ತಲೆ ಆಡಿಸ್ತು. ನಂಗೆ ಅದು ಬಹಳ ದಿನ ಕೊರೀತಾ ಇತ್ತು. ಈಗ ಅದೇ ಫೋಟೋ ತೋರಿಸಿ ಕೊನೆ ಹತ್ತು ನಿಮಿಷ ಬೇರೆ ಪ್ರಶ್ನೆ ಕೇಳ್ತೀನಿ: ಅಳಿಸಿದ್ದು ಅಂತ ನಮಗೆ ಗೊತ್ತಾಗಿದ್ದು ಹೇಗೆ? ಹಳೇ ಪ್ರತಿ ಎಲ್ಲೋ ಉಳೀತು, ಯಾರೋ ಎರಡನ್ನೂ ಹೋಲಿಸಿದ್ರು. ಅನುಮಾನ ಪಡೋದನ್ನ ಕಲಿಸಿ ಅಲ್ಲೇ ಬಿಟ್ರೆ ಮಕ್ಕಳು ಯಾವ್ದನ್ನೂ ನಂಬದೇ ಇರೋದನ್ನ ಕಲೀತಾರೆ. ಯಾವ್ದನ್ನ ಯಾಕೆ ನಂಬ್ಬಹುದು ಅಂತ ಹೇಳ್ಕೊಡೋದೇ ನಮ್ಮ ಅಸಲಿ ಕೆಲಸ.

ಪೋರ್ಶನ್_ಮುಗೀಬೇಕು:

ಎಲ್ಲಾ ಸರಿ, ಆದ್ರೆ ಒಂದು ಪೀರಿಯಡ್ ನಲವತ್ತು ನಿಮಿಷ, ಕ್ಲಾಸಲ್ಲಿ ಐವತ್ತು ಮಕ್ಕಳು. ಎರಡು ಟೆಲಿಗ್ರಾಮಲ್ಲೇ ಪೀರಿಯಡ್ ಹೋದ್ರೆ ಉಳಿದ ಅಧ್ಯಾಯ ಮುಗ್ಸೋರು ಯಾರು, ಎಕ್ಸಾಮಲ್ಲಿ ಕೇಳೋದು ಪಾಯಿಂಟ್ಸ್ ತಾನೆ? ಮನಸ್ಸಿಲ್ಲದೆ ಕೇಳ್ತಿಲ್ಲ, ನಿಜವಾಗ್ಲೂ ದಾರಿ ಬೇಕು.

ಹಳೇ_ಸೀಮೆಸುಣ್ಣ:

ನ್ಯಾಯವಾದ ಪ್ರಶ್ನೆ. ನಾನು ಎಲ್ಲಾ ಅಧ್ಯಾಯಕ್ಕೂ ಮಾಡಲ್ಲ, ಒಂದು ಟರ್ಮಿಗೆ ನಾಲ್ಕೋ ಐದೋ, ಎಲ್ಲಿ ಮಕ್ಕಳು ಸಿಕ್ಕಾಕೊಳ್ತಾರೋ ಅಲ್ಲಿ ಮಾತ್ರ. ಇನ್ನು ಮಾರ್ಕ್ಸ್ ವಿಚಾರ, ಸ್ಯಾನ್ ಫ್ರಾನ್ಸಿಸ್ಕೋದ ಐದು ಹೈಸ್ಕೂಲ್‌ಗಳಲ್ಲಿ ಆರು ತಿಂಗಳು ಹೀಗೆ ದಾಖಲೆ ಇಟ್ಕೊಂಡು ಪಾಠ ಮಾಡಿ ನೋಡಿದಾರೆ, 2012ರಲ್ಲಿ ಪ್ರಕಟ ಆಯ್ತು, ಇತಿಹಾಸ ಯೋಚಿಸೋ ರೀತಿ ಮಾತ್ರ ಅಲ್ಲ, ವಿಷಯ ನೆನಪಿಟ್ಕೊಳ್ಳೋದರಲ್ಲೂ ಓದಿ ಅರ್ಥ ಮಾಡ್ಕೊಳ್ಳೋದರಲ್ಲೂ ಆ ಮಕ್ಕಳೇ ಮುಂದಿದ್ರು. ಐವತ್ತು ಮಕ್ಕಳಿದ್ರೆ ಬೆಂಚಿಗೊಂದು ಪ್ರತಿ ಸಾಕು, ನೂರೈವತ್ತು ಪದ ದಾಟಿಸ್ಬೇಡಿ.

ಮೂವರು_ಟೀಚರ್ಸ್:

ಟ್ರೇನಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ನಂಗೆ ಅತಿ ಹೆಚ್ಚು ಕಲಿಸಿದ್ದು ಕೋರ್ಸ್ ಅಲ್ಲ, ಜಪಾನಿನ ಟೀಚರ್‌ಗಳು ಬಹಳ ಕಾಲದಿಂದ ಮಾಡ್ಕೊಂಡು ಬಂದಿರೋ ಲೆಸನ್ ಸ್ಟಡಿ. ಮೂರು ಜನ ಸೇರಿ ಒಂದು ಪಾಠ ಪ್ಲಾನ್ ಮಾಡ್ತೀವಿ, ಒಬ್ರು ಪಾಠ ಮಾಡ್ತಾರೆ, ಇನ್ನಿಬ್ರು ಹಿಂದೆ ಕೂತು ಟೀಚರ್‌ನ ಅಲ್ಲ, ಇಬ್ಬರು ಮೂವರು ಮಕ್ಕಳನ್ನ ಮಾತ್ರ ನೋಡ್ತಾರೆ, ಯಾವಾಗ ಪೆನ್ನು ನಿಂತ್ತು, ಪಕ್ಕದವನ ಹತ್ರ ಏನು ಕೇಳಿದ ಅಂತ ಬರ್ಕೊಳ್ತಾರೆ. ಒಂದ್ಸಲ ನನ್ನ ಪಾಠದಲ್ಲಿ ಒಬ್ಬ ಹುಡುಗಿ ಇಪ್ಪತ್ತು ನಿಮಿಷ "ನಿರಂಕುಶ" ಅನ್ನೋ ಪದದ ಕೆಳಗೆ ಗೆರೆ ಎಳೀತಾನೇ ಕೂತಿದ್ಳಂತೆ, ನಾನು ಆ ಪದ ವಿವರಿಸಿರ್ಲೇ ಇಲ್ಲ, ಬೋರ್ಡ್ ಹತ್ರ ನಿಂತವ್ಳಿಗೆ ಅದು ಕಾಣಿಸ್ಲೂ ಇಲ್ಲ. ಅದನ್ನ ಯಾವ ಸ್ಲೈಡೂ ಹೇಳಲ್ಲ. ಸ್ಕೂಲಲ್ಲಿ ಹಿಸ್ಟರಿಗೆ ನೀವೊಬ್ರೇ ಇದ್ರೆ ಭಾಷಾ ಟೀಚರ್‌ನ ಕರ್ಕೊಳಿ, ದಾಖಲೆ ಓದ್ಸೋ ಕೆಲಸ ಅವ್ರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಒಂಬತ್ತು_ಬಿ_ಮಿಸ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಟೆಲಿಗ್ರಾಮ್ ಪಾಠ ಮಾಡ್ದೆ, ಮೂರು ಮಾತ್ರ ಅನುವಾದ ಮಾಡ್ಕೊಂಡು ಹೋಗಿದ್ದೆ. ಅದೇ ಹುಡುಗ ಜುಲೈ 30ರ ಹತ್ರ ನಿಂತು "ಮಿಸ್, ಇವ್ರಿಬ್ರಿಗೂ ಬೇಡ ಅಂತಿದ್ರೆ ಆರ್ಡರ್ ಕೊಡ್ಸಿದ್ದು ಯಾರು, ಅವ್ರ ಕಾಗದ ಇಲ್ವಾ?" ಅಂದ. ಮಂತ್ರಿಗಳು, ಸೇನಾಧಿಕಾರಿಗಳು ಬರ್ದಿರೋದು ಚಿಕ್ಕದಾಗಿ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಹೇಳಿ, ಸೋಮವಾರದ ಪೀರಿಯಡ್‌ಗೆ ತರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದೀನಿ. ಹಿಂದೆ ಕೂತು ನೋಡೋಕೆ ನಮ್ಮ ಭಾಷಾ ಮೇಡಂ ಬರ್ತಾರೆ.