ಬೆಲ್ಟ್ ಬಣ್ಣ ಬದಲಾಯಿತು, ಮಗಳು ನಿಜವಾಗಿ ಎಷ್ಟು ಕಲಿತಿದ್ದಾಳೆ ಅಂತ ತಿಳಿಯೋದು ಹೇಗೆ?

ಅತ್ತಿಗುಪ್ಪೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ವಿಜಯನಗರದಲ್ಲಿ ಶೋಟೋಕಾನ್ ಕರಾಟೆ ಕಲಿಯುತ್ತಿದ್ದಾಳೆ. ಬಿಳಿ, ಹಳದಿ, ಆರೆಂಜ್ ಮುಗಿದು ಈಗ ಗ್ರೀನ್ ಬೆಲ್ಟ್ ಟೆಸ್ಟ್ ಬಂದಿದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಟೆಸ್ಟ್ ಇರುತ್ತದೆ. ಟೆಸ್ಟ್ ಫೀ ಬೇರೆ, ಬೆಲ್ಟ್ ದುಡ್ಡು ಬೇರೆ. ದುಡ್ಡಿನ ವಿಷಯ ಹಾಗಿರಲಿ. ಅವಳ ಬ್ಯಾಚಿನಲ್ಲಿ ಇದುವರೆಗೆ ಒಬ್ಬರೂ ಫೇಲ್ ಆಗಿದ್ದನ್ನು ನಾನು ನೋಡಿಲ್ಲ.

ನಾವು ಅವಳನ್ನು ಸೇರಿಸಿದ್ದೇ ಆತ್ಮರಕ್ಷಣೆಗೆ ಅಂತ. ಮುಂದಿನ ವರ್ಷದಿಂದ ಟ್ಯೂಷನ್‌ಗೆ ಒಬ್ಬಳೇ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸಾಲು) ಬಹಳ ಚೆನ್ನಾಗಿ ಮಾಡುತ್ತಾಳೆ, ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಮೊನ್ನೆ ಅವಳ ದೊಡ್ಡಪ್ಪನ ಮಗ ಆಟಕ್ಕೆ ಅಂತ ಹಿಂದಿನಿಂದ ಬಂದು ಗಟ್ಟಿಯಾಗಿ ಕೈ ಹಿಡಿದ. ಇವಳು ಸುಮ್ನೆ ನಿಂತುಬಿಟ್ಟಳು. ಬಾಯಿಂದ ಒಂದು ಮಾತೂ ಬರಲಿಲ್ಲ.

ಹಾಗಾದರೆ ಈ ಬೆಲ್ಟ್ ಏನನ್ನು ಅಳೆಯುತ್ತಿದೆ? ಕ್ಲಾಸ್ ಬಿಡಿಸಲಾ, ಬೇರೆ ಕಡೆ ಸೇರಿಸಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲ್ಲೇಶ್ವರ ಅಪ್ಪ:

ಬಿಡಿಸಬೇಡಿ ಮೇಡಂ. ನನ್ನ ಮಗ ಟೇಕ್ವಾಂಡೋ ಕಲಿಯುತ್ತಾನೆ. ಬೆಲ್ಟ್ ಇಲ್ಲದಿದ್ದರೆ ಎರಡನೇ ತಿಂಗಳಿಗೇ ನಿಲ್ಲಿಸುತ್ತಿದ್ದ. ಮುಂದಿನ ಬಣ್ಣ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ ಬೆಳಿಗ್ಗೆ ಎದ್ದು ಪ್ರಾಕ್ಟೀಸ್ ಮಾಡುತ್ತಾನೆ. ಮಕ್ಕಳಿಗೆ ಅದು ಬೇಕು.

ಬನಶಂಕರಿ ಸಂಜೆ ಬ್ಯಾಚ್:

ಅಕ್ಕಾ, ನಾನು ಕರಾಟೆಯಲ್ಲಿ ಬ್ರೌನ್ ಬೆಲ್ಟ್ ತನಕ ಹೋಗಿ ಆಮೇಲೆ ಕ್ರಾವ್ ಮಗಾ ಅನ್ನುವ ಆತ್ಮರಕ್ಷಣೆ ಪದ್ಧತಿ ಕಲಿತವಳು. ಈಗ ಹೆಣ್ಣುಮಕ್ಕಳ ಒಂದು ಬ್ಯಾಚ್‌ಗೆ ಹೇಳಿಕೊಡುತ್ತೇನೆ. ಗ್ರೇಡಿಂಗ್ ದಿನ ಹಾಳೆ ಹಿಡಿದು ಮಾರ್ಕ್ಸ್ ಹಾಕುವುದೂ ನಾನೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಮಗಳ ಬೆಲ್ಟ್ ಸುಳ್ಳು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಸಿಲಬಸ್ಸಿನಲ್ಲಿ ಇದ್ದದ್ದನ್ನು ಅದು ಸರಿಯಾಗಿಯೇ ಅಳೆದಿದೆ. ನಿಮಗೆ ಬೇಕಾದದ್ದು ಆ ಸಿಲಬಸ್ಸಿಗೆ ಇನ್ನೂ ಬಂದಿಲ್ಲ.

ಶೋಟೋಕಾನ್ ಟೆಸ್ಟಿನಲ್ಲಿ ಕಿಹೋನ್, ಕಟಾ, ಕುಮಿಟೆ ಇರುತ್ತವೆ. ಕಿಹೋನ್ ಅಂದರೆ ಏಟು, ಒದೆ, ತಡೆಗಳನ್ನು ಬಿಡಿಬಿಡಿಯಾಗಿ ಮಾಡಿ ತೋರಿಸುವುದು. ಕಟಾದಲ್ಲಿ ಚಲನೆಗಳ ಸಾಲು ಮೊದಲೇ ಗೊತ್ತಿರುತ್ತದೆ. ಮಕ್ಕಳು ಮೊದಲು ಕಲಿಯುವ ಹೇಯಾನ್ ಶೋದಾನ್‌ನಲ್ಲಿ 21 ಚಲನೆಗಳಿವೆ, ಅವುಗಳ ಕ್ರಮ ಯಾವತ್ತೂ ಬದಲಾಗುವುದಿಲ್ಲ. ಇನ್ನು ಕುಮಿಟೆ, ಅಂದರೆ ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ಮಾಡುವ ಕಾದಾಟದ ಅಭ್ಯಾಸ. ಚಿಕ್ಕ ಬೆಲ್ಟುಗಳಿಗೆ ಇರುವುದು ಗೊಹೋನ್ ಕುಮಿಟೆ. ಎದುರಿನವರು ‘ಜೋದಾನ್’ ಅಂತ ಮೊದಲೇ ಕೂಗಿ ಹೇಳಿ, ಮುಖದ ಎತ್ತರಕ್ಕೆ ಐದು ಏಟು ಹಾಕುತ್ತಾ ಮುಂದೆ ಬರುತ್ತಾರೆ. ಇವಳು ಐದು ಹೆಜ್ಜೆ ಹಿಂದೆ ಸರಿಯುತ್ತಾ ತಡೆದು, ಕೊನೆಯಲ್ಲಿ ಒಂದು ಏಟು ತಿರುಗಿ ಕೊಡಬೇಕು. ಏಟು ಎಲ್ಲಿಗೆ, ಎಷ್ಟು ಸಲ, ಯಾವ ಕಡೆಯಿಂದ ಬರುತ್ತದೆ ಎಲ್ಲವೂ ಗೊತ್ತು.

ನಿಮ್ಮ ಮನೆಯ ಹುಡುಗ ಹೇಳಿ ಬರಲಿಲ್ಲ. ಎದುರಿನಿಂದ ಬರಲಿಲ್ಲ. ಹೊಡೆಯಲೂ ಇಲ್ಲ, ಹಿಡಿದುಕೊಂಡ. ಅವಳಿಗೆ ಇದೆಲ್ಲ ಹೊಸದು. ಹೆದರಿಕೆಯಲ್ಲಿ ಮೈ ಮರಗಟ್ಟುವುದು ದೊಡ್ಡವರಿಗೂ ಆಗುತ್ತದೆ. ಅದಕ್ಕಾಗಿ ಅವಳನ್ನು ಬೈಯಬೇಡಿ, ಅಣಕಿಸಲು ಯಾರಿಗೂ ಬಿಡಬೇಡಿ.

ಹೇಳದೆ ಬರುವ ಏಟಿನ ಮುಕ್ತ ಕುಮಿಟೆ ಸಾಮಾನ್ಯವಾಗಿ ಬ್ರೌನ್ ಬೆಲ್ಟ್ ಹೊತ್ತಿಗೆ ಬರುತ್ತದೆ. ಮೊದಲು ನಿಲುವು, ಅಂತರ, ಸಮಯ ಮೈಗೆ ಹತ್ತಬೇಕು ಅಂತಲೇ ಆ ಕ್ರಮ ಇಟ್ಟಿದ್ದಾರೆ. ನನಗೆ ಅದರ ಮೇಲೆ ಗೌರವ ಇದೆ. ನಾನು ಬೀಳದೆ ನಿಲ್ಲಲು ಕಲಿತದ್ದು ಅಲ್ಲೇ.

ಬೆಲ್ಟ್ ಬಹಳ ಹಳೆಯ ಕಾಲದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಜೂಡೋದ ಕೊಡೊಕಾನ್ ಶುರು ಮಾಡಿದರು. ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ‘ದಾನ್’, ಅಂದರೆ ಈಗ ಬ್ಲ್ಯಾಕ್ ಬೆಲ್ಟ್ ಅನ್ನುವ ಮಟ್ಟ, ಕೊಟ್ಟರು. ಗಿಚಿನ್ ಫುನಾಕೋಶಿ ಅದನ್ನು ಕರಾಟೆಗೆ ತಂದದ್ದು 1924ರಲ್ಲಿ. ಈಗ ನಾವು ನೋಡುವ ಬಣ್ಣಗಳ ಸಾಲು ಗಟ್ಟಿಯಾದದ್ದು 1930ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ ಜೂಡೋ ಹೇಳಿಕೊಡುತ್ತಿದ್ದ ಕವಾಯಿಶಿ ಅವರ ಕಾಲದಲ್ಲಿ. ಬ್ಲ್ಯಾಕ್ ಬೆಲ್ಟ್‌ಗೆ ವರ್ಷಗಟ್ಟಲೆ ಬೇಕು. ಅಲ್ಲಿಯ ತನಕ ಕಲಿಯುವವರು ಉಳಿಯಬೇಕಾದರೆ ನಡುವೆ ನಿಲ್ದಾಣಗಳು ಬೇಕಿತ್ತು. ಮೇಲಿನ ಸರ್ ಹೇಳಿದ್ದೂ ಅದೇ, ಸರಿಯಾಗಿಯೇ ಹೇಳಿದ್ದಾರೆ.

ಕ್ರಾವ್ ಮಗಾದಲ್ಲಿ ನಾನು ಕಲಿತ ಪದ್ಧತಿಯಲ್ಲಿ ಬೆಲ್ಟ್ ಬದಲು ಪ್ಯಾಚ್ ಇದೆ. ಪಿ (ಪ್ರಾಕ್ಟಿಷನರ್), ಜಿ (ಗ್ರಾಜುಯೇಟ್), ಇ (ಎಕ್ಸ್‌ಪರ್ಟ್) ಅಂತ ಮೂರು ಹಂತ, ಒಂದೊಂದರಲ್ಲಿ ಐದು ಮಟ್ಟ. ಪಿ1ರಲ್ಲೇ ಎದುರಿನಿಂದ ಕತ್ತು ಹಿಡಿದರೆ ಬಿಡಿಸಿಕೊಳ್ಳುವುದು, ಹಿಂದಕ್ಕೆ ಬೀಳುವುದು, ತೊಡೆಸಂದಿಗೆ ಒದೆಯುವುದು ಬರುತ್ತವೆ. ಚಾಕು, ಪಿಸ್ತೂಲಿನ ಬೆದರಿಕೆ ಮುಂದಿನ ಮಟ್ಟಗಳಿಗೆ.

ಆದರೆ ಅಕ್ಕಾ, ಇಲ್ಲೂ ಪ್ಯಾಚ್ ಸುಲಭವಾಗಿ ಬಣ್ಣದ ಬಟ್ಟೆ ಆಗಿಬಿಡಬಹುದು. ಕತ್ತು ಹಿಡಿಯುತ್ತಾರೆ ಅಂತ ಗೊತ್ತಿದ್ದು ಬಿಡಿಸಿಕೊಳ್ಳುವುದಕ್ಕೂ ಕಟಾಗೂ ಏನು ವ್ಯತ್ಯಾಸ? ಅದಕ್ಕೇ ನಾನು ಟೆಸ್ಟಿನ ಕೊನೆಯ ಭಾಗವನ್ನು ಬೇರೆ ಥರ ಮಾಡಿಸುತ್ತೇನೆ. ಮೊದಲು ಉಸಿರು ಕಟ್ಟುವ ತನಕ ಪ್ಯಾಡ್‌ಗೆ ಹೊಡೆಸುತ್ತೇನೆ. ಆಮೇಲೆ ಕಣ್ಣು ಮುಚ್ಚಿ ನಿಲ್ಲಬೇಕು. ಸುತ್ತ ಮೂವರು ಓಡಾಡುತ್ತಿರುತ್ತಾರೆ. ಯಾರೋ ಒಬ್ಬರು ಹಿಡಿಯುತ್ತಾರೆ, ಎಲ್ಲಿ ಹಿಡಿಯುತ್ತಾರೋ ಗೊತ್ತಿಲ್ಲ. ಕೆಲವು ಸಲ ಯಾರೂ ಹಿಡಿಯುವುದಿಲ್ಲ, ಹತ್ತಿರ ಬಂದು ಅಡ್ರೆಸ್ ಕೇಳುತ್ತಾರೆ ಅಷ್ಟೆ. ಅವರಿಗೂ ಹೊಡೆದರೆ ಮಾರ್ಕ್ಸ್ ಹೋಗುತ್ತದೆ.

ನಮ್ಮ ಬ್ಯಾಚಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹುಡುಗಿ ಇದ್ದಾಳೆ. ಸೇರಿದ ಹೊಸದರಲ್ಲಿ ಯಾರಾದರೂ ಕೈ ಹಿಡಿದರೆ ನಗುತ್ತಿದ್ದಳು. ಬಹಳ ಹೆಣ್ಣುಮಕ್ಕಳು ಹಾಗೆ ನಗುತ್ತಾರೆ. ಎದುರಿನವರಿಗೆ ಬೇಜಾರಾಗಬಾರದು ಅನ್ನುವುದು ನಮ್ಮ ಮೈಗೆ ಅಷ್ಟು ಅಂಟಿದೆ. ಪಿ1 ಟೆಸ್ಟ್ ದಿನ ಅವಳ ಒದೆಗೆ ನಾನು ಕಡಿಮೆ ಮಾರ್ಕ್ಸ್ ಹಾಕಿದೆ, ಸೊಂಟ ತಿರುಗುವುದೇ ಇಲ್ಲ. ಆದರೆ ಕಣ್ಣು ಮುಚ್ಚಿದ್ದಾಗ ತೋಳು ಹಿಡಿದ ಕೂಡಲೇ ‘ಕೈ ಬಿಡ್ರೀ!’ ಅಂತ ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿಸಿತು. ಬಿಡಿಸಿಕೊಂಡು ನೇರ ಬಾಗಿಲಿಗೆ ನಡೆದಳು. ಎರಡನೇ ಏಟು ಹಾಕಲು ನಿಲ್ಲಲಿಲ್ಲ. ಅಚ್ಚಾದ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಪ್ರತಿಯೊಬ್ಬರ ಹಾಳೆಯ ಕೆಳಗೂ ಇಂಥದ್ದನ್ನು ನಾನು ಕೈಯಲ್ಲಿ ಬರೆಯುತ್ತೇನೆ: ದನಿ ಬಂತಾ, ಬಾಗಿಲು ನೋಡಿಕೊಂಡಳಾ, ಸಾಕು ಅಂತ ನಿಲ್ಲಿಸಿದಳಾ. ಮುಂದಿನ ಟೆಸ್ಟ್‌ಗೆ ಆ ಹಾಳೆ ತೆಗೆದು ಓದುತ್ತೇವೆ. ಹಳೆಯ ಅವಳಿಗೂ ಈಗಿನ ಅವಳಿಗೂ ಹೋಲಿಕೆ, ಪಕ್ಕದವಳ ಜೊತೆ ಅಲ್ಲ. ನನ್ನ ಪ್ರಕಾರ ಮುಂದೆ ಹೋಗುವುದು ಅಂದರೆ ಅದು.

ಯಾರೂ ಫೇಲ್ ಆಗುವುದಿಲ್ಲ ಅಂದಿರಲ್ಲ, ಆ ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ತಯಾರಾದವರನ್ನು ಮಾತ್ರ ಟೆಸ್ಟ್‌ಗೆ ಕಳಿಸುವ ಮಾಸ್ಟರ್‌ಗಳಿದ್ದಾರೆ, ಅಲ್ಲಿ ಎಲ್ಲರೂ ಪಾಸಾಗುವುದು ಸಹಜ. ಫೀ ಕಟ್ಟಿದವರೆಲ್ಲ ಟೆಸ್ಟ್‌ಗೆ ಬಂದು ಎಲ್ಲರೂ ಪಾಸಾದರೆ ಮಾತ್ರ ಯೋಚಿಸಬೇಕು. ಮಾರ್ಕ್ಸ್ ಹಾಳೆ ತೋರಿಸಿ ಅಂತ ಕೇಳಿ. ‘ಇವಳಿಗೆ ಇದು ಇನ್ನೂ ಬಂದಿಲ್ಲ’ ಅಂತ ಒಂದು ಸಾಲಾದರೂ ಅದರಲ್ಲಿ ಇರಬೇಕು.

ಕಳರಿ ಕಲಿಯುವವ, ಇಂದಿರಾನಗರ:

ಬೆಲ್ಟೇ ಇಲ್ಲದ ಪದ್ಧತಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಕೇರಳದ ಕಳರಿಪಯಟ್ಟುವಿನಲ್ಲಿ ಮೊದಲು ಮೈಯ ಕಸರತ್ತು, ಮೈತ್ತಾರಿ. ಆಮೇಲೆ ಕೋಲಿನ ಕೋಲ್ತಾರಿ, ನಂತರ ಕತ್ತಿ ಗುರಾಣಿಗಳ ಅಂಕತ್ತಾರಿ. ಬರಿಗೈಯ ಕಾದಾಟ, ವೆರುಂಕೈ, ಎಲ್ಲಕ್ಕಿಂತ ಕೊನೆಗೆ. ಕೋಲು ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನು ಗುರುಗಳು ತೀರ್ಮಾನಿಸುತ್ತಾರೆ. ನಮ್ಮ ಗರಡಿ ಮನೆಗಳಲ್ಲೂ ಬಣ್ಣ ಇಲ್ಲ. ಕುಸ್ತಿಗೆ ಜೋಡಿ ಕಟ್ಟುವಾಗ ನಿಮ್ಮನ್ನು ಯಾರ ಎದುರು ನಿಲ್ಲಿಸುತ್ತಾರೆ, ಅದೇ ನಿಮ್ಮ ಮಟ್ಟ.

ಇದರಲ್ಲೂ ಕಷ್ಟ ಇದೆ. ಗುರುಗಳು ಬಾಯಿ ಬಿಟ್ಟು ಹೇಳದಿದ್ದರೆ ಎಲ್ಲಿ ಹಿಂದೆ ಬಿದ್ದಿದ್ದೇನೆ ಅಂತ ತಿಳಿಯುವುದಿಲ್ಲ. ಬನಶಂಕರಿಯವರು ಹೇಳಿದ ಹಾಳೆ ನಮ್ಮಲ್ಲೂ ಇದ್ದಿದ್ದರೆ ಅನ್ನಿಸಿತು.

ಅತ್ತಿಗುಪ್ಪೆ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಾಸ್ಟರ್ ಹತ್ತಿರ ಹಾಳೆ ಕೇಳಿದೆ. ಬೇಜಾರು ಮಾಡಿಕೊಳ್ಳದೆ ತೋರಿಸಿದರು. ಕಟಾಗೆ ಒಳ್ಳೆಯ ಮಾರ್ಕ್ಸ್ ಇದೆ, ‘ಕಿಯಾಯ್ ಸಾಲದು’ ಅಂತ ಎರಡು ಟೆಸ್ಟಿನಲ್ಲೂ ಬರೆದಿದ್ದಾರೆ. ಕಿಯಾಯ್ ಅಂದರೆ ಏಟಿನ ಜೊತೆ ಹಾಕುವ ಕೂಗು ಅಂತೆ. ಮನೆಗೆ ಯಾರೂ ಹೇಳಿರಲಿಲ್ಲ. ಕೈ ಹಿಡಿದರೆ ಬಿಡಿಸಿಕೊಳ್ಳುವುದನ್ನು ಕ್ಲಾಸಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಮಾಡಿಸಿ ಅಂದೆ, ಒಪ್ಪಿದ್ದಾರೆ. ಗ್ರೀನ್ ಟೆಸ್ಟ್‌ಗೆ ಕಳಿಸುತ್ತೇನೆ. ಅಲ್ಲಿಯ ತನಕ ಮನೆಯಲ್ಲಿ ನಾನೇನು ಮಾಡಿಸಬಹುದು?

ಬನಶಂಕರಿ ಸಂಜೆ ಬ್ಯಾಚ್:

ಹಾಳೆಯಲ್ಲೇ ಉತ್ತರ ಇದೆ ಅಕ್ಕಾ, ದನಿಯಿಂದ ಶುರು ಮಾಡಿ. ಹಿಂದಿನಿಂದ ಹೋಗಿ ಹೆದರಿಸಬೇಡಿ, ಅದರಿಂದ ಹೆದರಿಕೆ ಮಾತ್ರ ಜಾಸ್ತಿಯಾಗುತ್ತದೆ. ಎದುರು ನಿಂತು, ಹೇಳಿ, ಮೆಲ್ಲಗೆ ಮಣಿಕಟ್ಟು ಹಿಡಿಯಿರಿ. ಅವಳು ಮೊದಲು ಕೂಗಬೇಕು, ಆಮೇಲೆ ನಿಮ್ಮ ಹೆಬ್ಬೆರಳು ಇರುವ ಕಡೆಗೆ ಕೈ ತಿರುಗಿಸಿ ಎಳೆಯಬೇಕು. ಹಿಡಿತ ಸಡಿಲ ಇರುವುದು ಅಲ್ಲೇ. ಇದು ಸುಲಭ ಅನ್ನಿಸಿದ ಮೇಲೆ ಗಟ್ಟಿ ಹಿಡಿತ, ಆಮೇಲೆ ಪಕ್ಕದಿಂದ, ಆಮೇಲೆ ಅವಳೇ ಸರಿ ಅಂದರೆ ಕಣ್ಣು ಮುಚ್ಚಿ. ‘ಸಾಕು’ ಅಂದ ತಕ್ಷಣ ಬಿಡಬೇಕು, ಅಣ್ಣನಿಗೂ ಇದು ಹೇಳಿಡಿ.

ಬಸ್ಸಿಗೆ ಕಳಿಸುವ ಮೊದಲು ಒಂದೆರಡು ಸಲ ಜೊತೆಗೆ ಹೋಗಿ. ಯಾರಾದರೂ ಮೈಮೇಲೆ ಬಿದ್ದರೆ ಕಂಡಕ್ಟರ್ ಹತ್ತಿರ ಹೋಗಿ ಜೋರಾಗಿ ಹೇಳುವುದನ್ನು ಬಸ್ಸಿನಲ್ಲೇ ತೋರಿಸಿಕೊಡಿ. 112 ಮತ್ತು ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಇರಲಿ, ಫೋನಿನಲ್ಲಿ ಸೇವ್ ಮಾಡಿದರೆ ಸಾಲದು. ಗ್ರೀನ್ ಟೆಸ್ಟಿನ ಹಾಳೆ ಬಂದ ಮೇಲೆ ಕಿಯಾಯ್ ಬಗ್ಗೆ ಏನು ಬರೆದಿದ್ದಾರೆ ಅಂತ ಇಲ್ಲಿ ಹಾಕಿ.