ಪದ ಬೇಕು: ಡ್ರೈಬ್ರಶ್, ವಾಶ್, ಇಜ್ಬಾ (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಪುಟ್ಟ ಮನೆಗಳ ಒಂದು ಸೆಟ್ ಬರುತ್ತಿದೆ. 1812ರಲ್ಲಿ ನೆಪೋಲಿಯನ್ನನ ಸೇನೆಗೂ ರಷ್ಯಾಕ್ಕೂ ನಡೆದ ಬೊರೊಡಿನೊ ಕದನ, 28 ಮಿ.ಮೀ. ಅಳತೆ (ಅಂದರೆ ಸೈನಿಕನ ಗೊಂಬೆ ಸುಮಾರು ಅಷ್ಟೆತ್ತರ), ರಷ್ಯಾದ ಹಳ್ಳಿಮನೆಗಳು. ಬಣ್ಣ ಹಚ್ಚುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಡ್ರೈಬ್ರಶ್: ಬ್ರಶ್ಶಿಗೆ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದ ಚೂರುಪಾರಿನಲ್ಲಿ ಗೋಡೆ ಸವರುವುದು. ಉಬ್ಬಿದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ವಾಶ್ ಅದರ ಉಲ್ಟಾ: ನೀರು ಮಾಡಿದ ಗಾಢ ಬಣ್ಣ ತಗ್ಗಿಗೆ ಇಳಿದು ನಿಲ್ಲುತ್ತದೆ. ಇಜ್ಬಾ ಅಂದರೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಕಚ್ಚು ಹಾಕಿ ಕೂರಿಸಿ, ಸಂದಿಗೆ ಪಾಚಿ ತುರುಕಿದ ಮನೆ. 'ಗುಡಿಸಲು' ಅಂತ ಹಾಕಿದ್ದೆ, ಸರಿಹೋಗ್ತಿಲ್ಲ.
– ಬೆಂಗಳೂರು

ಗುಡಿಸಲು ಬೇಡವೇ ಬೇಡ. ಇಡೀ ಮರಗಳನ್ನೇ ಪೇರಿಸಿದ್ದು ಗುಡಿಸಲು ಹೇಗಾಗುತ್ತದೆ? 'ದಿಮ್ಮಿಮನೆ'. ಡ್ರೈಬ್ರಶ್‌ಗೆ 'ಒಣಕುಂಚ'. ವಾಶ್‌ಗೆ 'ತಿಳಿಬಣ್ಣ'. ಮುಗಿಯಿತು.
– ಧಾರವಾಡ

> ವಾಶ್‌ಗೆ 'ತಿಳಿಬಣ್ಣ'

ತಪ್ಪು. ತಿಳಿನೀಲಿ, ತಿಳಿಹಸಿರು ಅಂತೀವಲ್ಲ, ಓದುವವರಿಗೆ ಅದೇ ಹೊಳೆಯೋದು. ಇಲ್ಲಿ ಸುರಿಯುತ್ತಿರುವುದು ಕಪ್ಪು ಬೆರೆತ ಕಂದು. ಒಣಕುಂಚವೂ ಆಗದು, ಅದು ಸಾಮಾನಿನ ಹೆಸರು. ಕೈ ಏನು ಮಾಡಬೇಕು ಅಂತ ಹೇಳುವ ಪದ ಬೇಕು. ಬಳಿ, ಹಚ್ಚು, ಮೆತ್ತು, ತೀಡು, ಸವರು, ಸಾರಿಸು... ನಮಗೇನು ಬರವೇ? 'ಒಣಸವರಿಕೆ' ಅನ್ನಿ. ಸಂದಿನಲ್ಲಿ ನಿಲ್ಲುವುದಕ್ಕೆ 'ಸಂದುಬಣ್ಣ'.
– ಶಿರಸಿ

ಒಣಸವರಿಕೆ ಚೆನ್ನಾಗಿದೆ. ಆದರೆ ಇಜ್ಬಾ ಯಾಕೆ 'ದಿಮ್ಮಿಮನೆ' ಆಗಬೇಕು? ಹಳೆಯ ರೂಪ 'ಇಸ್ತ್ಬಾ'. ಜರ್ಮನ್ನಿನ 'ಶ್ಟೂಬೆ', ಇಂಗ್ಲಿಷಿನ 'ಸ್ಟೋವ್' ಇದರ ನೆಂಟರು ಅನ್ನುತ್ತಾರೆ. ಅಂದರೆ ಒಲೆಯ ಕಾವಿರುವ ಕೋಣೆ. ಅದರ ಜೀವ ಇರುವುದು ದಿಮ್ಮಿಯಲ್ಲಲ್ಲ, ಒಲೆಯಲ್ಲಿ. 'ಬೆಚ್ಚನೆಮನೆ' ಅನ್ನಬಹುದು. ಇಜ್ಬಾ ಅಂತಲೇ ಇಡುವುದಾದರೆ, ಇಂಗ್ಲಿಷಿನ z ಉಚ್ಚಾರ ತೋರಿಸಲು ಜಕಾರದ ಕೆಳಗೆ ಚುಕ್ಕೆ ಕಡ್ಡಾಯ: ಇಜ಼್ಬಾ.
– ಮೈಸೂರು

ಬೆಚ್ಚನೆಮನೆ ಅಂದರೆ ಹೋಂಸ್ಟೇ ಹೆಸರಿದ್ದಂಗಿದೆ. ಚುಕ್ಕೆಯೂ ಬೇಡ. 'ಮೇಜು' ಪಾರಸಿಯ ಮೇಜ಼್‌ನಿಂದ ಬಂದಿದ್ದು. ಮೊದಲ ಸಾಲಲ್ಲೇ ಇದೆ ನೋಡಿ, ಚುಕ್ಕೆ ಎಲ್ಲಿದೆ?
– ಶಿರಸಿ

ಎರವಲಿಗೆ ಒಮ್ಮೆ ಬಾಗಿಲು ತೆಗೆದರೆ ಹೀಗೇ. ಇವತ್ತು ಇಜ್ಬಾ, ನಾಳೆ ಇನ್ನೊಂದು.
– ಧಾರವಾಡ

ಪದದ ಜಗಳ ನಡೀಲಿ. ನಾನು ಇಂಥ ಮಾಡೆಲ್‌ಗಳಿಗೆ ಬಣ್ಣ ಹಚ್ಚುವವನು. ಹಾಳೆಯಲ್ಲಿ 'ಮರದ ಕಂದು' ಅಂತ ಬರೆದಿದ್ದರೆ ಈಗಲೇ ತೆಗೆಯಿರಿ. ಬಣ್ಣ ಕಾಣದ ಪೈನ್ ದಿಮ್ಮಿ ಮಳೆ ಬಿಸಿಲಿಗೆ ಬೂದಿಯಾಗುತ್ತದೆ. ಮೊದಲು ಕಪ್ಪುಗಂದು ಹಿನ್ನೆಲೆ, ಮೇಲೆ ಗಾಢ ಬೂದು, ಆಮೇಲೆ ತೀರಾ ತೆಳುವಾಗಿ ಬಿಳಿಬೂದು. ಸೂರಿನ ಅಡಿಯಲ್ಲಿ ಮಳೆ ತಾಗದ ಕಡೆ ಮಾತ್ರ ಕಂದು ಉಳಿಸಿ. ಮೂಲೆಯಲ್ಲಿ ಹೊರಚಾಚಿದ ದಿಮ್ಮಿಯ ತುದಿಗಳನ್ನು ಒಂದೊಂದಾಗಿ ನೋಡಿ. ಅಲ್ಲಿ ನಡುವಿನಿಂದ ಸೀಳು ಬಿಟ್ಟಿರುತ್ತದೆ. ಸೂಜಿಯಂಥ ಬ್ರಶ್ಶಿನಿಂದ ಆ ಸೀಳಿಗೆ ಕಪ್ಪು ಬಿಟ್ಟರೆ ಸಾಕು, ಮನೆಗೆ ತನ್ನಿಂತಾನೇ ವಯಸ್ಸಾಗುತ್ತದೆ. ಸೂರಿಗೆ ರೈ ಎಂಬ ಧಾನ್ಯದ ಹುಲ್ಲು ಹೊದಿಸಿರುತ್ತಾರೆ. ಹೊಸತಾದರೆ ಹಳದಿ, ಹಳತಾದರೆ ಅದೂ ಬೂದು.

ಇನ್ನೊಂದು. 1812ರಲ್ಲಿ ಎಷ್ಟೋ ರೈತರ ಮನೆಗಳಿಗೆ ಹೊಗೆಕೊಳವೆಯೇ ಇರಲಿಲ್ಲ. ಹೊಗೆ ಬಾಗಿಲಿಂದ, ಗೋಡೆಯ ಮೇಲಿನ ಪುಟ್ಟ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಆ ಕಿಂಡಿಯ ಮೇಲಿನ ದಿಮ್ಮಿಗಳಿಗೆ ಕರಿ ಹಿಡಿಸಿ. ಕಿಟಕಿಗೆ ನೀಲಿ ಬಣ್ಣದ ಕೆತ್ತನೆ ಪಟ್ಟಿ ಬೇಡ. ಫೋಟೋಗಳಲ್ಲಿ ಕಾಣುವ ಆ ಚೆಂದವೆಲ್ಲ ಹೆಚ್ಚಾಗಿ ಆ ಶತಮಾನದ ಕೊನೆಯ ಅರ್ಧದ್ದು.
– ಹುಬ್ಬಳ್ಳಿ

ಅಯ್ಯೋ, ಪಟ್ಟಿಗೆ 'ಮೊಗಪಟ್ಟಿ' ಅಂತ ಪದವನ್ನೂ ಕಟ್ಟಿಟ್ಟಿದ್ದೆ. ತೆಗೆದೆ. ಗೋಡೆಗೆ ಹಿಡಿದ ಆ ಕರಿಗೆ ಏನನ್ನಲಿ? ಬರೀ ಮಸಿ ಅಂದರೆ ಇಂಕ್ ಅಂದುಕೊಂಡಾರು.
– ಬೆಂಗಳೂರು

ಇಲ್ಲಣ. ಸೌದೆ ಒಲೆಯ ಅಡುಗೆಮನೆ ಕಂಡವರಿಗೆ ವಿವರಿಸಬೇಕಿಲ್ಲ.
– ಶಿರಸಿ

ಈಗಿನ ಹುಡುಗರಿಗೆ ಇಲ್ಲಣ ಗೊತ್ತಾ? 'ಹೊಗೆಮಸಿ' ಸಾಕು.
– ಹುಬ್ಬಳ್ಳಿ

ಸಂದುಬಣ್ಣದ ಬಗ್ಗೆ ನನ್ನ ತಕರಾರು ದಾಖಲಾಗಲಿ. ಸಂದು ಬಂದಿದ್ದು ಸಂಧಿಯಿಂದ, ಬಣ್ಣ ಬಂದಿದ್ದು ವರ್ಣದಿಂದ. ಎರಡೂ ತದ್ಭವ. ಅಪ್ಪಟ ಕನ್ನಡ ಅಂತ ಬೀಗಬೇಡಿ.
– ಮೈಸೂರು

ನಾನು ಬೀಗಿದ್ದೆಲ್ಲಿ? ಬೀಗಿದವರು ಧಾರವಾಡದವರು. ಬಣ್ಣ ಅನ್ನದೆ ಬಣ್ಣ ಹಚ್ಚುವ ಕ್ರಮವನ್ನು ತಾವೇ ಬರೆದುಕೊಡಿ, ಓದುತ್ತೇವೆ.
– ಶಿರಸಿ

ಹಾಳೆ ಕಳಿಸಿಬಿಟ್ಟೆ. ಒಣಸವರಿಕೆ, ಸಂದುಬಣ್ಣ, ಹೊಗೆಮಸಿ. ಮೊದಲ ಸಲ 'ಇಜ್ಬಾ ಎಂಬ ದಿಮ್ಮಿಮನೆ', ಆಮೇಲೆ ಬರೀ ಇಜ್ಬಾ, ಚುಕ್ಕೆ ಇಲ್ಲದೆ. ಧಾರವಾಡದ ಹಿರಿಯರು ಬೈಯುವುದಿದ್ದರೆ ಬೈಯಲಿ. ಮುಂದಿನ ಸೆಟ್ ಗಾಳಿಗಿರಣಿ.
– ಬೆಂಗಳೂರು