ಎಡಿಸನ್ ಸ್ಟ್ಯಾಂಡರ್ಡ್ ಪೆಟ್ಟಿಗೆ: ಹಳೇ ಪಾಲಿಶ್ ಉಳಿಸಲೋ, ಕಿತ್ತು ಹೊಸದು ಹಾಕಲೋ? ಅನುಭವ ಇದ್ದವರು ಹೇಳಿ

ಹೊಸಬ_ಸಿಲಿಂಡರ್:
ಎಲ್ಲರಿಗೂ ನಮಸ್ಕಾರ. ಎಡಿಸನ್ ಸ್ಟ್ಯಾಂಡರ್ಡ್ ಫೋನೋಗ್ರಾಫ್, ಅಂದರೆ ಕೀಲಿ ಕೊಟ್ಟು ಹಾಡು ಕೇಳುವ ಹಳೇ ಯಂತ್ರ, ಒಂದು ಕೈಗೆ ಬಂದಿದೆ. ಓಕ್ ಪೆಟ್ಟಿಗೆ. ಮೋಟಾರು ಚೆನ್ನಾಗಿದೆ, ಅದರ ಚಿಂತೆ ಇಲ್ಲ. ಬಾಗಿದ ಮುಚ್ಚಳದ ಮೇಲಿನ ಪಾಲಿಶ್ ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟು ಕಪ್ಪಾಗಿದೆ. ಮುಂದಿನ ಹಲಗೆಯಲ್ಲಿ ರಿಬ್ಬನ್ ಆಕಾರದ ಡೆಕಾಲ್ (ಅಂಟಿಸಿದ ಹೆಸರಿನ ಚಿತ್ರ) ಇದೆ, ಅಕ್ಷರ ಅರ್ಧ ಮಾತ್ರ ಕಾಣುತ್ತೆ. ಕೆಳಗಿನ ಅಂಚುಪಟ್ಟಿ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ. ಡೆಕಾಲ್ ಹಾಳಾಗದ ಹಾಗೆ ಏನು ಮಾಡಬಹುದು?

ಅರಗಿನಮನೆ:
ಕೀಳಬೇಡಿ. ಕೀಳಲೇಬೇಡಿ.

ನನ್ನದು ವಿಕ್ಟ್ರೋಲಾ ಗ್ರಾಮಫೋನ್, ನೆಲದ ಮೇಲೆ ನಿಲ್ಲುವ ಮಹಾಗನಿ ಪೆಟ್ಟಿಗೆ. ನೋಡಿದ ಪಾಲಿಶ್‌ನವರೆಲ್ಲ "ಕಿತ್ತುಬಿಡೋಣ ಸಾರ್, ಹೊಸದರ ಹಾಗೆ ಮಾಡಿಕೊಡ್ತೀವಿ" ಅಂದರು. ಒಬ್ಬರ ಕೈಗೂ ಕೊಡಲಿಲ್ಲ. ಮುಚ್ಚಳದ ಒಳಗೆ, ಹಿಂಜ್ ಪಕ್ಕದ ಕಾಣದ ಜಾಗದಲ್ಲಿ, ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿದೆ. ಅಂಟಂಟಾಗಿ ಕರಗಿತು. ಅಂದರೆ ಶೆಲ್ಯಾಕ್, ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಅದು 1920ರ ದಶಕದ ನಡುವಿನಿಂದ ಈಚೆಗೆ ಜಾಸ್ತಿ ಬಳಕೆಗೆ ಬಂದದ್ದು. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್.

ಮೊದಲು ಕೊಳೆ ತೆಗೆಯಬೇಕು. ಇಲ್ಲದಿದ್ದರೆ ಕೊಳೆ ಸಮೇತ ಕರಗಿ ಅಲ್ಲೇ ಕೂರುತ್ತೆ. ನಾನು ಬಳಸಿದ್ದು ಮೆಕ್ಯಾನಿಕ್‌ಗಳು ಕೈ ತೊಳೆಯುವ ಬಿಳಿ ಕ್ರೀಮು, ಮರಳಿನ ಪುಡಿ ಇಲ್ಲದ್ದು. ರಾಶಿ ಬಟ್ಟೆ ಕಪ್ಪಾಯಿತು. ಆಮೇಲೆ ಸ್ಪಿರಿಟ್‌ಗೆ ಸ್ವಲ್ಪ ಶೆಲ್ಯಾಕ್ ಬೆರೆಸಿ, ಮೆತ್ತನೆ ಬ್ರಷ್‌ನಲ್ಲಿ ಒಂದೇ ಎಳೆತ. ಹಿಂದೆ ಮುಂದೆ ಉಜ್ಜಿದರೆ ಎಲ್ಲ ಕಿತ್ತು ಬರುತ್ತೆ. ಬಿರುಕಿನ ಅಂಚುಗಳು ಕಣ್ಣೆದುರೇ ಕರಗಿ ಕೂಡಿಕೊಂಡವು. ಅಷ್ಟರಲ್ಲಿ ಮೋಡ ಕವಿದು ಹವೆ ತೇವವಾಯಿತು ನೋಡಿ, ಅರ್ಧ ಮುಚ್ಚಳ ಬೆಳ್ಳಗೆ ಮಂಜು ಹಿಡಿಯಿತು. ಹವೆ ಒಣಗುವ ತನಕ ಕಾದು ಮತ್ತೆ ಸ್ಪಿರಿಟ್ ಹಾಯಿಸಬೇಕಾಯಿತು. ಒಂದು ಮೂಲೆ ಇನ್ನೂ ಮಸುಕಾಗಿದೆ. ಇರಲಿ. ಕಾರ್ಖಾನೆಯಲ್ಲಿ ಹಾಕಿದ ಪಾಲಿಶ್ ಅದರ ಮೇಲೇ ಇದೆ. ಎಷ್ಟು ಜನರ ಹತ್ತಿರ ಹಾಗಿದೆ?

ಉಪ್ಪುಕಾಗದ:
ಮೇಲಿನವರ ಹಾಗೆ ಎಲ್ಲರಿಗೂ ಅದೃಷ್ಟ ಇರಲ್ಲ. ನನ್ನ ಕೊಲಂಬಿಯಾ ಗ್ರಾಮಫೋನ್ ಮೇಲೆ ಯಾರೋ ಪುಣ್ಯಾತ್ಮ ಬಿಳಿ ಎನಾಮಲ್ ಬಳಿದಿದ್ದ. ಅದರ ಕೆಳಗೆ ಹಸಿರು. "ಕೀಳಬೇಡಿ" ಅನ್ನೋರು ಬಂದು ಆ ಹಸಿರನ್ನು ಕಾಪಾಡಲಿ.

ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುವ ಹಾಗಿಲ್ಲ. ಪೇಂಟ್ ರಿಮೂವರ್ ಹಚ್ಚಿ ಹೆರೆಯುವುದೊಂದೇ ದಾರಿ. ಓಕ್ ಮರದ ರಂಧ್ರಗಳಲ್ಲಿ ಬಿಳಿ ಬಣ್ಣ ಸಿಕ್ಕಿಕೊಂಡರೆ ಏನು ಪಾಡು ಅಂತ ಅನುಭವಿಸಿದವರಿಗೇ ಗೊತ್ತು. ಎಳೆಯ ಗುಂಟ ಹಿತ್ತಾಳೆ ಬ್ರಷ್, ಅದೂ ಸಾಲದೆ ಹಲ್ಲುಕಡ್ಡಿ. ಕತ್ತು ಹಿಡಿದುಹೋಯಿತು. ಕೊನೆಗೆ ಬೇಸತ್ತು, ಎರಡು ಪಕ್ಕದ ಹಲಗೆಗಳನ್ನು ಒಬ್ಬ ಪಾಲಿಶ್‌ನವರಿಗೆ ಕೊಟ್ಟೆ. ಕೈಯಲ್ಲಿ ಉಜ್ಜಿ ಅಂತ ಹೇಳಿಯೇ ಕೊಟ್ಟಿದ್ದೆ. ಅವರು ಮಷಿನ್ ಓಡಿಸಿದರು. ಮೇಲೆ ಅಂಟಿಸಿದ ತೆಳು ಮರದ ಹಾಳೆ, ಆ ವಿನೀರ್ ದಪ್ಪ ಎಷ್ಟಿರುತ್ತೆ? ಹೆಚ್ಚೆಂದರೆ ಒಂದು ಮಿಲಿಮೀಟರ್. ಅಂಚಿನಲ್ಲಿ ತೂತು ಬಿದ್ದು ಒಳಗಿನ ಅಗ್ಗದ ಮರ ಕಂಡಿತು. ಓಕ್‌ನಲ್ಲಿ ಹೊಳೆಯುವ ಅಡ್ಡ ಪಟ್ಟೆ ಇರುತ್ತಲ್ಲ, ಅದಕ್ಕೆ ಹೊಂದುವ ವಿನೀರ್ ಹುಡುಕುವಷ್ಟರಲ್ಲಿ ಸಾಕಾಯಿತು. ಪೆಟ್ಟಿಗೆ ಕೊಂಡ ದುಡ್ಡಿಗಿಂತ ರಿಪೇರಿಗೆ ಹೋದದ್ದು ಜಾಸ್ತಿ. ಅದರಲ್ಲೂ ಅರ್ಧ ಆ ಒಂದು ಅಂಚಿಗೇ.

ಆದರೆ ಈಗ ಬಂದು ನೋಡಿ. ಹೊಸ ಶೆಲ್ಯಾಕ್, ಬಟ್ಟೆಯುಂಡೆಯಲ್ಲಿ ಪದರ ಪದರವಾಗಿ ಹಾಕಿದ್ದು. ನಿಮ್ಮ ಮಸುಕು ಮೂಲೆಗಿಂತ ಚೆನ್ನಾಗಿದೆ.

ಎಣ್ಣೆಗಾಣ:
ಇಷ್ಟೆಲ್ಲ ಯಾಕ್ರೀ? ಅಗಸೆ ಎಣ್ಣೆ, ಟರ್ಪೆಂಟೈನ್, ಅರ್ಧಕ್ಕರ್ಧ. ಒಣಗಿದ ಮರಕ್ಕೆ ಎಣ್ಣೆ ಕುಡಿಸಿ, ಒರೆಸಿ, ಮುಗೀತು. ನಮ್ಮ ತಂದೆ ಕಾಲದಿಂದ ಹೀಗೇ. ಪೆಟ್ಟಿಗೆ ಫಳಫಳ ಅನ್ನುತ್ತೆ.

ಅರಗಿನಮನೆ:
ಸತ್ತ ಮರಕ್ಕೆ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ ಸ್ವಾಮಿ. ಅಗಸೆ ಎಣ್ಣೆ ಬಿರುಕಿನೊಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತೆ. ವರ್ಷ ಕಳೆದ ಹಾಗೆ ಕಪ್ಪಾಗುತ್ತೆ, ಧೂಳು ಹಿಡಿಯುತ್ತೆ, ಆಮೇಲೆ ಯಾವ ದ್ರಾವಕಕ್ಕೂ ಸುಲಭಕ್ಕೆ ಬರಲ್ಲ. ಫಳಫಳ ಇರೋದು ಮೊದಲ ವಾರ. ಮತ್ತೆ ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಬೆಂಕಿ ಹತ್ತುತ್ತೆ. ಇದನ್ನಾದರೂ ಹುಡುಗನಿಗೆ ಹೇಳಬೇಕಿತ್ತು ನೀವು.

ಎಣ್ಣೆಗಾಣ:
ಬಟ್ಟೆ ಬಿಡಿಸಿ ಹರಡಿ ಒಣಗಿಸಬೇಕು ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಪಾಠ ಬೇಡ.

ಕುಟ್ಟೆ_ಸಂತ್ರಸ್ತ:
ನೀವೆಲ್ಲ ಹೊಳಪಿಗೆ ಕಿತ್ತಾಡ್ತಾ ಇದ್ದೀರಿ. ನನ್ನ ಕಥೆ ಕೇಳಿ.

ವಾಲ್‌ನಟ್ ಪೆಟ್ಟಿಗೆ, ಹೊರಗೆ ಒಂದು ಗೀರೂ ಇಲ್ಲ. ತಂದು ಪುಸ್ತಕದ ಕಪಾಟಿನ ಪಕ್ಕ ಇಟ್ಟೆ. ಸ್ವಲ್ಪ ಕಾಲ ಕಳೆದು ನೋಡಿದರೆ ಕೆಳಗೆ ಹಿಟ್ಟಿನಂಥ ಪುಡಿ. ಮೋಟಾರ್ ಬಿಚ್ಚಿ ತಿರುಗಿಸಿದೆ. ಹಿಂದಿನ ಪ್ಲೈವುಡ್ ಹಲಗೆ ಪೂರ್ತಿ ತೂತು. ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತು. ಆ ಕಾಲದ ಪ್ಲೈವುಡ್‌ಗೆ ಹಾಕಿರೋದು ಪ್ರಾಣಿಜನ್ಯ ಅಂಟು. ಕುಟ್ಟೆಗೆ ಅದಕ್ಕಿಂತ ರುಚಿ ಇನ್ನೊಂದಿಲ್ಲ. "ಸೀಮೆಎಣ್ಣೆ ಹಾಕಿ" ಅಂತ ಎಲ್ಲರದೂ ಒಂದೇ ಸಲಹೆ. ಹಾಕಿದ್ದರೆ ಪಾಲಿಶೂ ಹೋಗ್ತಿತ್ತು, ವಾಸನೆಯೂ ಉಳೀತಿತ್ತು. ಲೋಹದ ಭಾಗ ಎಲ್ಲ ಬಿಚ್ಚಿ, ಪೆಟ್ಟಿಗೆಯನ್ನು ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದ ಹಾಗೆ ಸುತ್ತಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿಸಿದೆ. ಹೊರಗೆ ತೆಗೆದ ಮೇಲೆ ಪ್ಲಾಸ್ಟಿಕ್ ಬಿಚ್ಚಬಾರದು, ಕೋಣೆಯ ಬಿಸಿಗೆ ಬರುವ ತನಕ ಕಾಯಬೇಕು. ಇಲ್ಲದಿದ್ದರೆ ನೀರು ಕಟ್ಟಿ ವಿನೀರ್ ಏಳುತ್ತೆ. ಪೆಟ್ಟಿಗೆ ಉಳೀತು. ಕಪಾಟು ಉಳೀಲಿಲ್ಲ. ಮನೆಯವಳು ಇನ್ನೂ ಮಾತಿಗೆ ಮಾತಿಗೆ ಎತ್ತಾಡ್ತಾಳೆ.

ಉಪ್ಪುಕಾಗದ:
ಅವರು ಕೇಳಿದ್ದು ಪಾಲಿಶ್ ಬಗ್ಗೆ. ಹುಳ ಎಲ್ಲಿಂದ ಬಂತು?

ಕುಟ್ಟೆ_ಸಂತ್ರಸ್ತ:
ನನ್ನ ಮನೆಗೂ ಹಾಗೇ ಬಂತು, ಯಾರೂ ಕೇಳದೆ.

ಹೊಸಬ_ಸಿಲಿಂಡರ್:
ಡೆಕಾಲ್ ಬಗ್ಗೆ ಯಾರಾದರೂ ಹೇಳ್ತೀರಾ ದಯವಿಟ್ಟು?

ಕೀಲಿಕೈ:
ತಮ್ಮಾ, ಅರಗಿನಮನೆಯವರ ಸ್ಪಿರಿಟ್ ಡೆಕಾಲ್ ಹತ್ತಿರ ಬಂದರೆ ಮುಗೀತು, ಅಕ್ಷರ ಹತ್ತಿಗೆ ಬರುತ್ತೆ. ಕೈ ತೊಳೆಯುವ ಕ್ರೀಮೂ ಬೇಡ.

ನನ್ನ ಎಡಿಸನ್ ಹೋಮ್ ಫೋನೋಗ್ರಾಫ್‌ಗೆ ಬಳಸಿದ್ದು ಎಂಜಲು. ನಗಬೇಡಿ, ವಸ್ತುಸಂಗ್ರಹಾಲಯಗಳಲ್ಲೂ ಬಳಸುತ್ತಾರೆ, ಅದರಲ್ಲಿರುವ ಕಿಣ್ವ ಕೊಳೆ ಬಿಡಿಸುತ್ತೆ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ಡೆಕಾಲ್‌ನ ಮೂಲೆಯಲ್ಲಿ ಉರುಳಿಸಬೇಕು. ಉಜ್ಜಬಾರದು. ಬಳಸಿದ ಹತ್ತಿ ಮತ್ತೆ ಬಾಯಿಗೆ ಬೇಡ, ಪ್ರತಿ ಸಲ ಹೊಸದು. ಹತ್ತಿ ಕಂದಾದರೆ ಕೊಳೆ. ಚಿನ್ನದ ಬಣ್ಣ ಬಂದರೆ ತಕ್ಷಣ ನಿಲ್ಲಿಸಿ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ, ತೆಳ್ಳಗೆ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ಹತ್ತಿರ ಸುಳಿಯಬಾರದು. ಮುಂದೆ ಏನು ಹಾಕಿದರೂ ಮೀನಿನ ಕಣ್ಣಿನಂಥ ಗುಳಿ ಬೀಳುತ್ತೆ.

ಅಂಚುಪಟ್ಟಿಗೆ ಫೆವಿಕಾಲ್, ಎಪಾಕ್ಸಿ ಎರಡೂ ಬೇಡ. ಪ್ರಾಣಿ ಚರ್ಮದ ಅಂಟೇ ಹಾಕಿ. ನಾಳೆ ಬಿಚ್ಚಬೇಕಾದರೆ ಬಿಸಿನೀರಿಗೆ ಬಿಟ್ಟುಕೊಳ್ಳುತ್ತೆ.

ಉಪ್ಪುಕಾಗದ:
ಎಂಜಲು ಹಚ್ಚಿ ಅರ್ಧ ಅಕ್ಷರ ಉಳಿಸಿ ಏನು ಬಂತು? ನಕಲು ಡೆಕಾಲ್ ಸಿಗುತ್ತೆ, ನೀರಲ್ಲಿ ನೆನೆಸಿ ಜಾರಿಸಿ ಅಂಟಿಸೋದು. ನನ್ನ ಇನ್ನೊಂದು ಮೆಷಿನ್‌ಗೆ ಹಾಕಿದೆ. ಮಾರಿದಾಗ ಒಳ್ಳೇ ಬೆಲೆ ಬಂತು.

ಕೀಲಿಕೈ:
ಕೊಂಡವರಿಗೆ ಅದು ನಕಲು ಅಂತ ಹೇಳಿದ್ರಾ?

ಉಪ್ಪುಕಾಗದ:
ಕೇಳಿದ್ದರೆ ಹೇಳ್ತಿದ್ದೆ.

ಅರಗಿನಮನೆ:
ಇದಕ್ಕೇ ನಾನು ಇಂಥವರ ಹತ್ತಿರ ಏನೂ ಕೊಳ್ಳಲ್ಲ. ಕಿತ್ತು, ಉಜ್ಜಿ, ನಕಲು ಅಂಟಿಸಿ, "ಮೂಲ ಸ್ಥಿತಿ" ಅಂತ ಮಾರೋದು.

ಉಪ್ಪುಕಾಗದ:
ಮೂಲ ಸ್ಥಿತಿ ಅಂತ ನಾನು ಎಲ್ಲೂ ಹೇಳಿಲ್ಲ. ಬಾಯಿಗೆ ಬಂದದ್ದು ಬರೀಬೇಡಿ.

ಎಣ್ಣೆಗಾಣ:
ಎಣ್ಣೆ ಹಾಕಿದವನ ಮೇಲೆ ಹಾರಿಬಿದ್ದಿರಿ. ಈಗ ನೋಡಿ.

ಹೊಸಬ_ಸಿಲಿಂಡರ್:
ಕೀಲಿಕೈ ಅಕ್ಕ, ಧನ್ಯವಾದ. ಮೂಲೆಯಲ್ಲಿ ಮಾಡಿ ನೋಡಿದೆ. ಹತ್ತಿ ಕಂದಾಯಿತು, ಚಿನ್ನ ಬರಲಿಲ್ಲ, ಅಂಚಿನ ಗೆರೆ ಕಾಣಿಸಿತು. ಆದರೆ ಮುಚ್ಚಳದ ಮೇಲೆ ಸ್ಪಿರಿಟ್ ಒತ್ತಿದೆ, ಕರಗಲಿಲ್ಲ. ಥಿನ್ನರ್‌ಗೂ ಇಲ್ಲ. ಹಾಗಾದ್ರೆ ವಾರ್ನಿಶ್ ಅಲ್ವಾ?

ಉಪ್ಪುಕಾಗದ:
ಆಯ್ತಲ್ಲ ಅರಗಿನಮನೆಯವರೇ? ವಾರ್ನಿಶ್ ಬಿರುಕು ನಿಮ್ಮ ಸ್ಪಿರಿಟ್‌ಗೆ ಕೂಡಿಕೊಳ್ಳಲ್ಲ.

ಅರಗಿನಮನೆ:
ಮೇಲೆ ಒತ್ತಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಯಾರೋ ವಾರ್ನಿಶ್ ಬಳಿದಿರಬಹುದು. ಮುಚ್ಚಳದ ಒಳಗಡೆ, ಬೀಗದ ಪಕ್ಕ ಒತ್ತಿ ನೋಡಿ ಆಮೇಲೆ ಹೇಳಿ. ಅಲ್ಲಿಯ ತನಕ ರಿಮೂವರ್ ಡಬ್ಬ ಮುಟ್ಟಬೇಡಿ, ಯಾರು ಏನೇ ಹೇಳಲಿ.

ಕುಟ್ಟೆ_ಸಂತ್ರಸ್ತ:
ಒಳಗೆ ನೋಡುವಾಗ ಹಾಗೇ ಕೆಳಗೆ ಪುಡಿ ಬಿದ್ದಿದೆಯಾ ಅಂತಲೂ ನೋಡಿಬಿಡಿ.